ಸನ್ನಿಗೆ ಮುಂಚಿನ ಗಳಿಗೆ

ಜ್ವರ ನೆತ್ತಿಗೇರಿ ರೋಗಿ ಬಡಬಡಿಸತೊಡಗಿದರೆ ‘ಸನ್ನಿ ಹಿಡಿಯಿತು’ ಎನ್ನುವುದು ನಮ್ಮ ಹಿರಿಯರ ಮಾತು. ಸನ್ನಿಪಾತವೆಂಬ ಸಂಸ್ಕೃತ ಪದ ಜನರ ಬಾಯಲ್ಲಿ ಸವೆದು ಸನ್ನಿಯಾಯಿತು. ಈ ಒಂದೇ ಹೆಸರಿನಡಿ ಹಲವು ರೋಗಗಳು ಅಡಗಿದ್ದವು. ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತಿದ ಪೊರೆಗಳ ಉರಿಯೂತ, ಅಂದರೆ ಮೆನಿಂಜೈಟಿಸ್, ಅವುಗಳಲ್ಲೊಂದಾಗಿದ್ದಿರಬೇಕು. ಆದರೆ ಬಡಬಡಿಕೆ ಈ ರೋಗದ ಮೊದಲ ಲಕ್ಷಣವಲ್ಲ; ರೋಗ ಬಲಿತ ಮೇಲಿನದು. ಅದಕ್ಕೆ ಮುಂಚಿನ ಗಳಿಗೆಗಳನ್ನು ಮನುಷ್ಯ ಓದಲು ಕಲಿತದ್ದೇ ಈ ರೋಗದ ಚರಿತ್ರೆ.

1805ರಲ್ಲಿ ಜಿನೀವಾದಲ್ಲಿ ಹಬ್ಬಿದ ಇಂಥ ಜ್ವರವನ್ನು ವ್ಯೂಸೋ ಎಂಬ ವೈದ್ಯರು ವರ್ಣಿಸಿದರು. 1880ರ ದಶಕದಲ್ಲಿ ರಷ್ಯದ ಕೆರ್ನಿಗ್, ತೊಡೆ ಮಡಿಸಿದ ರೋಗಿಯ ಮೊಣಕಾಲು ನೀಳವಾಗದಿರುವುದನ್ನು ಗಮನಿಸಿದರು. 1909ರಲ್ಲಿ ಪೋಲೆಂಡಿನ ಬ್ರುಡ್ಜಿನ್‌ಸ್ಕಿ, ಕುತ್ತಿಗೆ ಬಾಗಿಸಿದರೆ ಮಗುವಿನ ಕಾಲುಗಳು ತಾವಾಗಿ ಮಡಿಚಿಕೊಳ್ಳುವುದನ್ನು ತೋರಿಸಿಕೊಟ್ಟರು. ಈ ನಡುವೆ 1887ರಲ್ಲಿ ವೈಕ್ಸೆಲ್‌ಬೌಮ್ ರೋಗಾಣುವನ್ನು ಕಂಡರು. 1891ರಲ್ಲಿ ಜರ್ಮನಿಯ ಕ್ವಿಂಕೆ ಬೆನ್ನಿನಿಂದ ಸೂಜಿಯ ಮೂಲಕ ನೀರು ತೆಗೆದು ಪರೀಕ್ಷಿಸುವ ದಾರಿ ತೆರೆದರು. ಮುಂದೆ ಸಲ್ಫಾ, ಪೆನಿಸಿಲಿನ್ ಔಷಧಿಗಳು ಬಂದು ಸಾವಿನ ಪ್ರಮಾಣ ಬಹಳ ಇಳಿಯಿತು. ಆದರೂ ಬ್ಯಾಕ್ಟೀರಿಯಾದಿಂದ ಬರುವ ಈ ರೋಗ ಇಂದಿಗೂ ಆರು ಜನರಲ್ಲಿ ಒಬ್ಬರನ್ನು ಒಯ್ಯುತ್ತದೆ. ಬದುಕುಳಿದ ಐವರಲ್ಲಿ ಒಬ್ಬರಿಗೆ ಕಿವುಡುತನದಂಥ ಊನ ಬಿಟ್ಟುಹೋಗುತ್ತದೆ.

ನಮ್ಮ ಕಲಬುರಗಿಯಲ್ಲಿ 1963ರಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಆರಂಭವಾಯಿತು. ಈಗ ಸೇಡಂ ರಸ್ತೆಯಲ್ಲಿ ಇ.ಎಸ್.ಐ. ಆಸ್ಪತ್ರೆಯೂ ಇದೆ, ಸರಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಇದೆ. ಕಮಲಾಪುರದ ಕಡೆಯ ಹಳ್ಳಿಯವರಿಗೂ ದೊಡ್ಡ ದವಾಖಾನೆ ಮೊದಲಿನಷ್ಟು ದೂರವಿಲ್ಲ. ಆದರೆ ಹೊರಡುವ ನಿರ್ಧಾರವಾಗಬೇಕಾದುದು ಮನೆಯಲ್ಲಿ. ತಾಯತ ಕಟ್ಟಿಸಿ, ಬರೆ ಹಾಕಿಸಿ ಬೆಳಗಾಗುವತನಕ ನೋಡೋಣವೆಂದರೆ ಆ ಬೆಳಗು ಬಾರದೆಯೂ ಹೋದೀತು.

ಆದ್ದರಿಂದ ಗೃಹಸ್ಥರು ಅರಿತಿರಬೇಕಾದ ಚಿಹ್ನೆಗಳಿವು: ಜ್ವರ, ಸಹಿಸಲಾರದ ತಲೆನೋವು, ವಾಂತಿ, ಗದ್ದವನ್ನು ಎದೆಗೆ ತಾಗಿಸಲಾಗದ ಬಿಗಿದ ಕತ್ತು, ಬೆಳಕಿಗೆ ಕಣ್ಣು ಮುಚ್ಚಿಕೊಳ್ಳುವುದು, ಮಂಪರು. ಎಲ್ಲವೂ ಕೂಡಿ ಬರಲೆಂದು ಕಾಯಬಾರದು. ಹಸುಗೂಸಿನ ಕತ್ತು ಬಿಗಿಯದೆಯೂ ಇರಬಹುದು. ಅದು ಹಾಲು ಬಿಟ್ಟು, ಕೀರಲು ದನಿಯಲ್ಲಿ ಅತ್ತು, ನೆತ್ತಿಯ ಮೆದು ಭಾಗ ಉಬ್ಬಿದ್ದರೆ ಅಷ್ಟೇ ಸಾಕು. ಮೈಮೇಲೆ ಎದ್ದ ಕೆಂಪು, ನೇರಳೆ ಚುಕ್ಕೆಗಳು ಗಾಜಿನ ಲೋಟ ಒತ್ತಿದರೂ ಮಾಸದಿದ್ದರೆ ಕ್ಷಣವೂ ತಡಮಾಡಬಾರದು. ಕಪ್ಪು ಮೈಬಣ್ಣದವರಲ್ಲಿ ಅಂಗೈ, ಅಂಗಾಲು, ರೆಪ್ಪೆಯ ಒಳಬದಿಯನ್ನು ನೋಡಬೇಕು.

ಪ್ರಥಮೋಪಚಾರವೆಂದರೆ ಮೊದಲು 108ಕ್ಕೆ ಕರೆ. ಎಚ್ಚರ ತಪ್ಪಿ ಉಸಿರಾಡುತ್ತಿರುವವರನ್ನು ಒಂದು ಮಗ್ಗುಲಾಗಿ ಮಲಗಿಸಿ, ಬಟ್ಟೆ ಸಡಿಲಿಸಬೇಕು; ಬಾಯಿಗೆ ನೀರನ್ನೂ ಹಾಕಬಾರದು. ಉಸಿರು ನಿಂತರೆ ಬಲ್ಲವರು ಎದೆ ಒತ್ತತೊಡಗಬೇಕು. ಸೆಳೆತ ಬಂದರೆ ಹಲ್ಲುಗಳ ನಡುವೆ ಚಮಚ ತುರುಕುವುದಾಗಲಿ, ಚಪ್ಪಲಿ ಮೂಸಿಸುವುದಾಗಲಿ, ಕೈಕಾಲು ಅದುಮಿ ಹಿಡಿಯುವುದಾಗಲಿ ಸಲ್ಲದು; ಎಷ್ಟು ಹೊತ್ತು ಇತ್ತೆಂದು ಗಮನಿಸಿ ವೈದ್ಯರಿಗೆ ತಿಳಿಸಬೇಕು. ರೋಗಿಯ ಒಡನಾಡಿದವರಿಗೂ ಔಷಧಿ ಬೇಕೇ ಎಂಬುದನ್ನು ವೈದ್ಯರನ್ನೇ ಕೇಳಬೇಕು. ಮಕ್ಕಳಿಗೆ ಸರಕಾರ ಹಾಕುವ ಬಿ.ಸಿ.ಜಿ., ಪೆಂಟಾವೇಲೆಂಟ್, ನ್ಯುಮೊಕಾಕಲ್ ಲಸಿಕೆಗಳು ಈ ರೋಗದ ಕೆಲವು ಬಗೆಗಳನ್ನು ತಡೆಯುತ್ತವೆ.

ಸನ್ನಿಯೆಂಬ ಮಾತು ನಿಘಂಟಿನಲ್ಲಿ ಉಳಿಯಲಿ. ಮನೆಯಲ್ಲಿ ಆ ಮಾತು ಹುಟ್ಟುವ ಮುನ್ನವೇ ಗಾಡಿ ದವಾಖಾನೆಯತ್ತ ಹೊರಟಿರಲಿ.