ಬಾಲ್ಕನಿ, ಬ್ಯಾಂಕು ಮತ್ತು ಲೊಂಬಾರ್ಡರು

ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತೇವೆ, ಬ್ಯಾಂಕಿನಲ್ಲಿ ಸಾಲದ ಕಂತು ಕಟ್ಟುತ್ತೇವೆ. ಈ ಎರಡೂ ಪದಗಳು ನಮಗೆ ಇಂಗ್ಲಿಷಿನಿಂದ ಬಂದವು, ಅದು ಎಲ್ಲರಿಗೂ ಗೊತ್ತು. ಇಂಗ್ಲಿಷಿಗೆ ಎಲ್ಲಿಂದ ಬಂದವು? ಇಟಲಿಯ ಕಡೆಯಿಂದ. ಸರಿ, ಇಟಲಿಗೆ? ಕಥೆ ಸ್ವಾರಸ್ಯವಾಗೋದು ಇಲ್ಲೇ ನೋಡಿ.

ಇಟಾಲಿಯನ್ ಭಾಷೆ ಲ್ಯಾಟಿನ್ನಿನ ಮಗಳು. ಆದರೆ ಈ ಎರಡು ಪದಗಳ ಬೇರು ಲ್ಯಾಟಿನ್ನಿನಲ್ಲಿ ಇಲ್ಲ. ಆಲ್ಪ್ಸ್ ಪರ್ವತಗಳ ಆಚೆಯ ಜರ್ಮಾನಿಕ್ ಜನರ ಮಾತಿನಲ್ಲಿದೆ. 'ಬಾಲ್ಕ್' ಅಂದರೆ ಮರದ ತೊಲೆ. ಗೋಡೆಯಿಂದ ಹೊರಚಾಚಿದ ತೊಲೆಗಳ ಮೇಲೆ ನಿಂತಿದ್ದು ಬಾಲ್ಕನಿ. 'ಬಂಕ್' ಅಂದರೆ ಕೂರುವ ಹಲಗೆ, ಬೆಂಚು. ನಾಣ್ಯ ಬದಲಿಸಿಕೊಡುವವನು ಸಂತೆಯಲ್ಲಿ ಹಾಕಿಕೊಂಡು ಕೂತ ಬೆಂಚೇ ಮುಂದೆ ಬ್ಯಾಂಕ್ ಆಯಿತು!

ಇಂಥ ಪದಗಳನ್ನು ಇಟಲಿಗೆ ಹೊತ್ತು ತಂದವರಲ್ಲಿ ಮುಖ್ಯರು ಲೊಂಬಾರ್ಡರು. ಕ್ರಿ.ಶ. 476ರಲ್ಲಿ ಪಶ್ಚಿಮದ ಕೊನೆಯ ರೋಮನ್ ಚಕ್ರವರ್ತಿ ಪದಚ್ಯುತನಾದ ಮೇಲೆ ಇಟಲಿಯನ್ನು ಆಸ್ಟ್ರೋಗಾಥರು ಆಳಿದರು. 535ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಜಸ್ಟಿನಿಯನ್ ಅವರ ಮೇಲೆ ಸೈನ್ಯ ಕಳಿಸಿದ. ಸುಮಾರು ಇಪ್ಪತ್ತು ವರ್ಷದ ಆ ಯುದ್ಧದಲ್ಲಿ ದೇಶ ನುಚ್ಚುನೂರಾಯಿತು. ಅದು ಸುಧಾರಿಸಿಕೊಳ್ಳುವ ಮೊದಲೇ, 568ರಲ್ಲಿ, ಈಗಿನ ಹಂಗೆರಿಯ ಕಡೆಯಿಂದ ಅಲ್ಬೋಯಿನ್ ಎಂಬ ರಾಜ ತನ್ನ ಜನರನ್ನು ಕಟ್ಟಿಕೊಂಡು ಬಂದುಬಿಟ್ಟ. ಬಂದಿದ್ದು ಬರೀ ಸೈನ್ಯ ಅಲ್ಲ. ಹೆಂಗಸರು, ಮಕ್ಕಳು, ಮುದುಕರು, ಇಡೀ ಸಂಸಾರಗಳು. ಪಾವಿಯಾ ಇವರ ರಾಜಧಾನಿಯಾಯಿತು. 774ರಲ್ಲಿ ಫ್ರಾಂಕರ ದೊರೆ ಶಾರ್ಲಮೇನ್ ಗೆಲ್ಲುವ ತನಕ, ಎರಡು ಶತಮಾನ, ಇವರದ್ದೇ ರಾಜ್ಯಭಾರ. ಮಿಲಾನ್ ನಗರ ಇರುವ ಪ್ರಾಂತ್ಯಕ್ಕೆ ಇಂದಿಗೂ ಲೊಂಬಾರ್ಡಿ ಅಂತಲೇ ಹೆಸರು.

ಗೆದ್ದವರು ಮೊದಮೊದಲು ದೂರವೇ ಉಳಿದರು. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹಂಗೆರಿಯ ಸೊಲಾದ್ ಮತ್ತು ಟ್ಯೂರಿನ್ ಹತ್ತಿರದ ಕೊಲ್ಲೆನ್ಯೊ, ಈ ಎರಡು ಹಳೆಯ ಸ್ಮಶಾನಗಳ 63 ಜನರ ಡಿಎನ್‌ಎ ಪರೀಕ್ಷಿಸಿದರು. ಎರಡೂ ಕಡೆ ದೊಡ್ಡ ದೊಡ್ಡ ಕುಟುಂಬಗಳು ಒಟ್ಟಿಗೆ ಮಣ್ಣಾಗಿದ್ದವು. ಮಧ್ಯ ಮತ್ತು ಉತ್ತರ ಯೂರೋಪಿನ ಮೂಲದವರ ಗೋರಿಗಳಲ್ಲಿ ಕತ್ತಿ, ಗುರಾಣಿ, ಒಡವೆ. ದಕ್ಷಿಣದ ಮೂಲದವರ ಗೋರಿಗಳಲ್ಲಿ ಹೆಚ್ಚಾಗಿ ಏನೂ ಇಲ್ಲ. ಸ್ಮಶಾನ ಒಂದೇ, ಆದರೆ ಸತ್ತ ಮೇಲೂ ಅಂತರ ಹೋಗಿರಲಿಲ್ಲ!

ಆ ಅಂತರ ಕರಗಿದ್ದು ಹೇಗೆ ಅಂತ ಅವರ ಕಾನೂನು ಪುಸ್ತಕಗಳೇ ಹೇಳುತ್ತವೆ. 643ರಲ್ಲಿ ರೊಥಾರಿ ರಾಜ ತನ್ನ ಜನರ ಕಟ್ಟುಕಟ್ಟಳೆಗಳನ್ನು ಬರೆಸಿದ. ಯಾವ ಭಾಷೆಯಲ್ಲಿ? ಲ್ಯಾಟಿನ್ನಿನಲ್ಲಿ! ಲೊಂಬಾರ್ಡ್ ಪದಗಳು ನಡುನಡುವೆ ಪಾರಿಭಾಷಿಕವಾಗಿ ಬರುತ್ತವೆ ಅಷ್ಟೇ. 731ರಲ್ಲಿ ಲಿಯುಟ್‌ಪ್ರಾಂಡ್ ರಾಜ ಇನ್ನೊಂದು ನಿಯಮ ಸೇರಿಸಿದ. ರೋಮನ್ ಗಂಡಸು ಲೊಂಬಾರ್ಡ್ ಹೆಂಗಸನ್ನು ಕ್ರಮಪ್ರಕಾರ ಮದುವೆಯಾದರೆ ಅವಳು ರೋಮನ್ ಆಗುತ್ತಾಳೆ, ಮಕ್ಕಳಿಗೂ ತಂದೆಯ ಕಾನೂನೇ ಅನ್ವಯ. ಇಂಥ ಮದುವೆಗಳು ನಡೆಯದೇ ಇದ್ದಿದ್ದರೆ ಈ ನಿಯಮ ಯಾಕೆ ಬೇಕಿತ್ತು ಹೇಳಿ?

ಅದೇ ಶತಮಾನದ ಕೊನೆಯಲ್ಲಿ ಪಾಲ್ ದ ಡೀಕನ್ ಎಂಬ ಪಾದ್ರಿ ಲೊಂಬಾರ್ಡರ ಇತಿಹಾಸ ಬರೆದ. ಅವನೂ ಲೊಂಬಾರ್ಡನೇ. ತನ್ನ ಪೂರ್ವಿಕರು ತಲೆಯ ಹಿಂಭಾಗ ಬೋಳಿಸಿ, ಮುಂದಿನ ಕೂದಲನ್ನು ಬೈತಲೆ ತೆಗೆದು ಇಳಿಬಿಡುತ್ತಿದ್ದರು, ಸಡಿಲವಾದ ನಾರುಬಟ್ಟೆ ತೊಡುತ್ತಿದ್ದರು ಅಂತ ವರ್ಣಿಸುತ್ತಾನೆ. ಅದು ಅವನಿಗೆ ಗೊತ್ತಾಗಿದ್ದು ಮೊನ್‌ಝಾದಲ್ಲಿ ಥಿಯೊಡೆಲಿಂಡಾ ರಾಣಿ ಕಟ್ಟಿಸಿದ ಅರಮನೆಯ ಚಿತ್ರಗಳಿಂದ! ತಾತ ಮುತ್ತಾತರು ಹೇಗಿದ್ದರು ಅಂತ ತಿಳಿಯಲು ಗೋಡೆ ನೋಡಬೇಕಾದ ಸ್ಥಿತಿ ಬಂದಿತ್ತು. 10ನೇ ಶತಮಾನದ ಸಲೆರ್ನೊದ ಚರಿತ್ರಕಾರನಂತೂ ಅವರ ಭಾಷೆಯನ್ನು 'ಹಿಂದೆ ಆಡುತ್ತಿದ್ದ' ಭಾಷೆ ಎನ್ನುತ್ತಾನೆ.

ಭಾಷೆ ಹೋಯಿತು, ಪದಗಳು ಉಳಿದವು. ಯಾವ ಪದಗಳು ಅಂತ ಗಮನಿಸಿ. ಇಟಾಲಿಯನ್ನಿನಲ್ಲಿ ಕೆನ್ನೆಗೆ 'ಗ್ವಾಂಚಾ', ಬೆನ್ನಿಗೆ 'ಸ್ಕಿಯೇನಾ', ಮೊಣಕಾಲಿನ ಕೆಳಗಿನ ಮೂಳೆಗೆ 'ಸ್ತಿಂಕೊ', ಗೊರಕೆ ಹೊಡೆಯೋದಕ್ಕೆ 'ರುಸ್ಸಾರೆ', ತಮಾಷೆ ಮಾಡೋದಕ್ಕೆ 'ಸ್ಕೆರ್ಜಾರೆ'. ಎಲ್ಲವೂ ಲೊಂಬಾರ್ಡ್ ಮೂಲದವು. ಗೊರಕೆಯ ಪದವನ್ನು ಯಾರೂ ಆಜ್ಞೆ ಹೊರಡಿಸಿ ಕಲಿಸೋದಿಲ್ಲ. ಒಂದೇ ಸೂರಿನಡಿ ಮಲಗಿದವರು, ಒಟ್ಟಿಗೆ ಕೂತು ನಕ್ಕವರು ಮಾತ್ರ ಇಂಥ ಪದಗಳನ್ನು ಒಬ್ಬರಿಂದೊಬ್ಬರು ಪಡೆಯೋದು.

ಹಾಗಾದರೆ ರಕ್ತ? ಅದೂ ಬೆರೆತಿದೆ. ರೋಮ್ ಸುತ್ತಮುತ್ತಲಿನ 127 ಪ್ರಾಚೀನ ಜನರ ಡಿಎನ್‌ಎ ಆಧರಿಸಿದ 2019ರ ಅಧ್ಯಯನದ ಪ್ರಕಾರ, ಸಾಮ್ರಾಜ್ಯ ಮುಗಿದ ನಂತರದ ಶತಮಾನಗಳಲ್ಲಿ ಅಲ್ಲಿನ ಜನ ಮಧ್ಯ ಮತ್ತು ಉತ್ತರ ಯೂರೋಪಿನವರಿಗೆ ಹತ್ತಿರವಾಗುತ್ತಾ ಹೋಗುತ್ತಾರೆ. ಆದರೆ ಇದು ಬೆರೆಯುವಿಕೆ, ಬದಲಿ ಅಲ್ಲ. ಹಳಬರು ಅಳಿದು ಹೊಸಬರು ಬಂದಿದ್ದಲ್ಲ.

ಈ ವ್ಯತ್ಯಾಸ ಸಣ್ಣದಲ್ಲ. 1905ರಲ್ಲಿ ಲುಡ್ವಿಗ್ ವೋಲ್ಟ್‌ಮನ್ ಎಂಬ ಜರ್ಮನ್ ಲೇಖಕ ಇಟಲಿಯ ನವೋದಯದ ಪ್ರತಿಭೆಗಳೆಲ್ಲ ಜರ್ಮಾನಿಕ್ ರಕ್ತದವರು ಅಂತ ಸಾಧಿಸಲು ಒಂದು ಪುಸ್ತಕವನ್ನೇ ಬರೆದ. ಭಾವಚಿತ್ರಗಳಲ್ಲಿನ ಕೂದಲು, ಕಣ್ಣಿನ ಬಣ್ಣವೇ ಸಾಕ್ಷಿ! 'ವಿಂಚಿ' ಅನ್ನೋದನ್ನೂ ಎಳೆದು ಜರ್ಮನ್ ಹೆಸರು ಮಾಡಿದ. ಪಾಪ, ವಿಂಚಿ ಟಸ್ಕನಿಯ ಒಂದು ಊರು. ಲಿಯೊನಾರ್ಡೊ ಆ ಊರಿನವನು, ಅಷ್ಟೇ. ಇಂಥ ಜನಾಂಗವಾದ ಮುಂದಿನ ನಲವತ್ತು ವರ್ಷಗಳಲ್ಲಿ ಯೂರೋಪನ್ನು ಎಲ್ಲಿಗೆ ಒಯ್ದಿತು ಅಂತ ಬಿಡಿಸಿ ಹೇಳಬೇಕಿಲ್ಲ.

ತಮಾಷೆ ಏನೆಂದರೆ, ವೋಲ್ಟ್‌ಮನ್‌ಗೆ ಬೇಕಿದ್ದ ಜರ್ಮಾನಿಕ್ ಅಂಶ ಪಕ್ಕದಲ್ಲೇ ಇತ್ತು. 'ಲಿಯೊನಾರ್ಡೊ' ಎಂಬ ಹೆಸರೇ ಜರ್ಮಾನಿಕ್ ಮೂಲದ್ದು. ಕಾರ್ಲೊ, ರೊಬೆರ್ತೊ, ಆಲ್ಬೆರ್ತೊ, ಫೆಡೆರಿಕೊ ಕೂಡ. ಅಷ್ಟು ಹೊತ್ತಿಗೆ ಅವು ಯಾರ ಮನೆಯ ಮಗುವಿಗಾದರೂ ಇಡಬಹುದಾದ ಇಟಾಲಿಯನ್ ಹೆಸರುಗಳಾಗಿದ್ದವು. ಹೆಸರಿಡುವ ತಾಯಿ ಮಗುವಿನ ರಕ್ತ ಪರೀಕ್ಷೆ ಮಾಡಿಸಿರಲಿಲ್ಲ.

ಈಗ ಡಿಎನ್‌ಎ ಕಿಟ್ ತರಿಸಿ, ಬಂದ ಶೇಕಡಾವಾರು ನೋಡಿ ಬೀಗುವ ಕಾಲ. ಲೊಂಬಾರ್ಡರ ಲೆಕ್ಕ ಆ ಶೇಕಡಾವಾರಿನಲ್ಲಿ ಸಿಗೋದಕ್ಕಿಂತ ಹೆಚ್ಚಾಗಿ ಇಟಲಿಯವರ ಕೆನ್ನೆ, ಬೆನ್ನು, ಗೊರಕೆ, ನಗುವಿನಲ್ಲಿ ಸಿಗುತ್ತೆ ಅನ್ನೋದು ನನ್ನ ಅನಿಸಿಕೆ. ನೀವೇನಂತೀರಿ?