ಗ್ರಾಮಾರೋಗ್ಯದ ಅನುದಾನ: ಗಡಿನಾಡ ಕನ್ನಡ ಸಂಘಗಳ ಗಮನಕ್ಕೆ

ಊರಿನ ಆರೋಗ್ಯ ಕಾರ್ಯಗಳಿಗೆ ದೊರೆಯುವ ಧನಸಹಾಯದಲ್ಲಿ ನಮ್ಮಂತಹ ಸಣ್ಣ ಸಂಘಗಳ ಕೈಗೆಟುಕುವ ದಾರಿಗಳು ಮುಖ್ಯವಾಗಿ ಎರಡು. ರಾಷ್ಟ್ರೀಯ ಆರೋಗ್ಯ ಅಭಿಯಾನದಿಂದ ಗ್ರಾಮ ಸಮಿತಿಗೆ ಬರುವ ಹಣ ಒಂದು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿ, ಅಂದರೆ ಸಿಎಸ್‌ಆರ್, ಇನ್ನೊಂದು. ಕನ್ನಡ ಶಾಲೆಗಳ ಪಾಲಕರು ಕಟ್ಟಿಕೊಂಡ ಸಂಘಗಳು ಬಹುತೇಕ ಎರಡನೆಯದನ್ನೇ ಅರಸುತ್ತವೆ. ಮೊದಲನೆಯದು ಮನೆಬಾಗಿಲಲ್ಲೇ ಇದ್ದರೂ ಆ ಸಭೆಯಲ್ಲಿ ನಮ್ಮವರು ಕಾಣಸಿಗುವುದು ಅಪರೂಪ.

2005ರಲ್ಲಿ ಆರಂಭಗೊಂಡ ಗ್ರಾಮೀಣ ಆರೋಗ್ಯ ಅಭಿಯಾನದ ಅಂಗವಾಗಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೋಷಣ ಸಮಿತಿಗಳು ರೂಪುಗೊಂಡವು. ಕೇರಳದಲ್ಲಿ ಇವು ವಾರ್ಡ್ ಮಟ್ಟದಲ್ಲಿವೆ. ಕೇಂದ್ರದ ಮಾರ್ಗಸೂಚಿಯಂತೆ ಸಮಿತಿಯಲ್ಲಿ ಕನಿಷ್ಠ 15 ಸದಸ್ಯರಿರಬೇಕು, ಅರ್ಧದಷ್ಟಾದರೂ ಮಹಿಳೆಯರಾಗಿರಬೇಕು. ಪಂಚಾಯತಿನ ಚುನಾಯಿತ ಸದಸ್ಯರು ಅಧ್ಯಕ್ಷತೆ ವಹಿಸುತ್ತಾರೆ. ಸೇವೆ ಪಡೆಯುವ ತಾಯಂದಿರಿಗೂ ದೀರ್ಘಕಾಲದ ರೋಗಿಗಳಿಗೂ ಅಲ್ಲಿ ಸ್ಥಾನವಿದೆ. ನಮ್ಮ ಶಾಲೆಗಳ ತಾಯಂದಿರು ಕೇಳಿ ಪಡೆಯಬೇಕಾದ ಸ್ಥಾನವಿದು.

ಸಮಿತಿಗೆ ವರ್ಷಕ್ಕೆ 10,000 ರೂಪಾಯಿಯವರೆಗೆ ಮುಕ್ತ ನಿಧಿ ನಿಗದಿಯಾಗಿದೆ. ಇಂತಹದ್ದಕ್ಕೇ ವ್ಯಯಿಸಬೇಕೆಂದು ಮೇಲಿನಿಂದ ಕಟ್ಟುಪಾಡಿಲ್ಲದ ಹಣವೆಂದು ಇದರ ಅರ್ಥ. ಸೊಳ್ಳೆಗಳ ನಿಯಂತ್ರಣ, ಬಡ ರೋಗಿಯನ್ನು ತುರ್ತಾಗಿ ಆಸ್ಪತ್ರೆಗೆ ಸಾಗಿಸುವ ಬಾಡಿಗೆ, ಆರೋಗ್ಯ ತಿಳಿವಳಿಕೆಯ ಕಾರ್ಯಕ್ರಮ, ಇವೆಲ್ಲಕ್ಕೂ ಸಲ್ಲುತ್ತದೆ. ಮೊತ್ತ ಅಲ್ಪವೆಂದು ಮೂಗು ಮುರಿಯುವವರಿದ್ದಾರೆ. ಆದರೆ ಡೆಂಗಿ ಜ್ವರದ ಎಚ್ಚರಿಕೆಯ ಕರಪತ್ರವನ್ನು ಕನ್ನಡದಲ್ಲಿ ಅಚ್ಚುಹಾಕಿಸಲು ಲಕ್ಷಗಳು ಬೇಕಿಲ್ಲ, ಸಭೆಯ ಒಂದು ತೀರ್ಮಾನ ಸಾಕು. ತನಗೆ ಓದಲು ಬಾರದ ಲಿಪಿಯಲ್ಲಿ ಬಂದ ಎಚ್ಚರಿಕೆಯು ಮನೆಯ ಅಜ್ಜಿಯ ಪಾಲಿಗೆ ಬರಿಯ ಕಾಗದ. ಎಣ್ಮಕಜೆಯಂತಹ ಎಂಡೋಸಲ್ಫಾನ್ ಪೀಡಿತ ಪಂಚಾಯತುಗಳಲ್ಲಿ ಹಾಸಿಗೆ ಹಿಡಿದವರನ್ನು ಕಾಣಲು ಬರುವ ಉಪಶಾಮಕ ಆರೈಕೆಯ ದಾದಿಗೆ ರೋಗಿಯ ನುಡಿ ತಿಳಿಯದಿದ್ದರೆ ನೋವು ಎಲ್ಲಿದೆಯೆಂದು ಅರಿಯುವುದೇ ಕಷ್ಟ. ಆ ಆರೈಕೆಗೂ ಕೇರಳದಲ್ಲಿ ಪಂಚಾಯತಿನ ಯೋಜನಾ ನಿಧಿಯಿಂದ ಹಣ ಒದಗುತ್ತದೆ. ಗ್ರಾಮಸಭೆಯಲ್ಲಿ ಅದನ್ನು ಪ್ರಸ್ತಾಪಿಸಬಹುದು.

ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದೇ ಎಂದು ಪಾಲಕರು ಕೇಳುವುದುಂಟು. ಬರೆಯಬಹುದು. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿಯು ನೀಡಿದೆ. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸಲು ಅವಕಾಶವಿತ್ತಿದೆ. ಪತ್ರ ಕೊಟ್ಟಾಗ ಸ್ವೀಕೃತಿಯ ಮೊಹರು ಪಡೆಯದೆ ಹಿಂದಿರುಗಬಾರದು.

ಸಿಎಸ್‌ಆರ್ ನಿಧಿಯ ದಾರಿ ದೀರ್ಘವಾದುದು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ, ನಿಗದಿತ ಮಟ್ಟ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕು. ಆರೋಗ್ಯವೂ ಅದರಲ್ಲಿ ಸೇರಿದೆ. ಈ ಹಣದಿಂದ ಕಾರ್ಯ ನಡೆಸುವ ಸಂಘಕ್ಕೆ ಆದಾಯ ತೆರಿಗೆಯ 12ಎ ಹಾಗೂ 80ಜಿ ನೋಂದಣಿ, ಸಿಎಸ್‌ಆರ್-1 ನಮೂನೆಯ ಸಂಖ್ಯೆ, ಕನಿಷ್ಠ ಮೂರು ವರ್ಷಗಳ ಕಾರ್ಯಾನುಭವ ಇರಬೇಕು. ಹೀಗಾಗಿ ಇಂದು ಹುಟ್ಟಿದ ಸಂಘಕ್ಕೆ ನಾಳೆ ಹಣ ಕೊಡಿಸುವೆವೆಂದು ದಲ್ಲಾಳಿ ಕೇಳುವವರನ್ನು ನಂಬಬೇಕಾಗಿಲ್ಲ.

ಸಂಘದ ನೋಂದಣಿಗೆ ಕನಿಷ್ಠ 7 ಮಂದಿ ಬೇಕು. ಕಾಸರಗೋಡಿನಲ್ಲಿ 1860ರ ಕೇಂದ್ರ ಕಾಯ್ದೆ, ತಾಳವಾಡಿ, ಹೊಸೂರುಗಳಲ್ಲಿ ತಮಿಳುನಾಡಿನ 1975ರ ಕಾಯ್ದೆ, ಮಡಕಶಿರಾ, ಆದೋನಿಗಳಲ್ಲಿ ಆಂಧ್ರದ 2001ರ ಕಾಯ್ದೆ ಅನ್ವಯಿಸುತ್ತದೆ. ಅಕ್ಕಲಕೋಟೆ, ಜತ್ತ ಭಾಗದವರು ಧರ್ಮಾದಾಯ ಆಯುಕ್ತರ ಕಛೇರಿಯಲ್ಲಿ 1950ರ ಸಾರ್ವಜನಿಕ ವಿಶ್ವಸ್ತ ಕಾಯ್ದೆಯಡಿಯೂ ನೋಂದಾಯಿಸಬೇಕಾಗುತ್ತದೆ. ನೋಂದಣಿಯ ದಿನದಿಂದಲೇ ನಡಾವಳಿ ಪುಸ್ತಕ, ರಶೀದಿಗಳು, ಲೆಕ್ಕಪರಿಶೋಧನೆಯ ವರದಿ ಇವನ್ನು ವರ್ಷವಾರು ಕಟ್ಟಿಡಬೇಕು. ಮೂರು ವರ್ಷಗಳ ಅನುಭವಕ್ಕೆ ಕಂಪನಿಯವರು ಕೇಳುವ ಸಾಕ್ಷ್ಯ ಅವೇ.