ಗಡಿಯಾಚೆಯ ಫೋಲ್ಡರ್: ಸಾಂಬಾದ ಚರಿತ್ರೆ

ನಾನು ಕಾಸರಗೋಡಿನವಳು, ಕನ್ನಡ ಎಂ.ಎ. ಓದುತ್ತಿದ್ದೇನೆ. ಯಕ್ಷಗಾನ ಪ್ರಸಂಗಗಳ ಹಸ್ತಪ್ರತಿಗಳನ್ನು ಸ್ಕ್ಯಾನ್ ಮಾಡಿ ಒಂದು ಹಳೆಯ ಲಿನಕ್ಸ್ ಕಂಪ್ಯೂಟರಿನಲ್ಲಿ ಇಟ್ಟಿದ್ದೆವು. ಕೇರಳದ ಶಾಲೆಯಲ್ಲಿ ಲಿನಕ್ಸ್ ಕಲಿತ ನಮಗೆ ಅದೇನೂ ಹೊಸತಲ್ಲ. ಆದರೆ ಗೆಳತಿಯ ಹೊಸ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಆ ಫೋಲ್ಡರ್ ತೆರೆಯಲೇ ಇಲ್ಲ. ಬೇರೆ ಪ್ರತಿ ಇರಲಿಲ್ಲ.

ಕಾರಣ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಒಂದು ಚರಿತ್ರೆ. ನೆಟ್‌ವರ್ಕಿನಲ್ಲಿ ಫೈಲು ಹಂಚಲು ವಿಂಡೋಸ್ ಆಡುವ ಭಾಷೆ ಎಸ್‌ಎಂಬಿ. ಅದು 1980ರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿದ್ದು. ಯುನಿಕ್ಸ್ ಯಂತ್ರಗಳದ್ದು ಬೇರೆಯೇ ಭಾಷೆ. 1991-92ರ ಹೊತ್ತಿಗೆ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಆಂಡ್ರ್ಯೂ ಟ್ರಿಜೆಲ್ ಎಂಬ ವಿದ್ಯಾರ್ಥಿ, ಯಂತ್ರಗಳ ನಡುವೆ ತಂತಿಯಲ್ಲಿ ಓಡಾಡುವ ಮಾತಿಗೆ ಕಿವಿಗೊಟ್ಟು, ವ್ಯಾಕರಣ ಪುಸ್ತಕವಿಲ್ಲದೆ ಆ ಭಾಷೆ ಕಲಿತ. ಅದೇ ಮುಂದೆ ಸಾಂಬಾ ಆಯಿತು. ಅಧಿಕೃತ ದಾಖಲೆಗಳು ಸಾಂಬಾ ತಂಡಕ್ಕೆ ಸಿಕ್ಕಿದ್ದು ಯುರೋಪಿನ ನ್ಯಾಯಾಲಯದ ತೀರ್ಪಿನ ನಂತರ, 2007ರ ಡಿಸೆಂಬರಿನಲ್ಲಿ.

ನಮ್ಮ ಯಂತ್ರದಲ್ಲಿದ್ದ ಹಳೆಯ ಸಾಂಬಾಗೆ ಎಸ್‌ಎಂಬಿ 1 ಮಾತ್ರ ಗೊತ್ತು. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಹರಡಿದ್ದು ವಿಂಡೋಸ್‌ನ ಎಸ್‌ಎಂಬಿ 1ರಲ್ಲಿದ್ದ ದೋಷದ ಮೂಲಕ. ಅದೇ ವರ್ಷದಿಂದ ಹೊಸದಾಗಿ ಹಾಕಿದ ವಿಂಡೋಸ್ 10ರಲ್ಲಿ ಅದು ತಾನಾಗಿ ಬರುವುದಿಲ್ಲ. "ಅದನ್ನೇ ಮತ್ತೆ ಆನ್ ಮಾಡಿ" ಅಂದರು ಕೆಲವರು. ನಾವು ಹಾಗೆ ಮಾಡಲಿಲ್ಲ. ಮೊದಲು ಪೆನ್‌ಡ್ರೈವಿಗೆ ಪ್ರತಿ ತೆಗೆದು, ಸಾಂಬಾವನ್ನು ಹೊಸದು ಮಾಡಿದೆವು. ಸಾಂಬಾ ತನ್ನದೇ ಪಾಸ್‌ವರ್ಡ್ ಪಟ್ಟಿ ಇಟ್ಟುಕೊಳ್ಳುತ್ತದೆ. ಅಲ್ಲೂ ಹೆಸರು ಸೇರಿಸಿದ ಮೇಲೆ ಫೋಲ್ಡರ್ ತೆರೆಯಿತು.

ಗಡಿನಾಡಿನವರಿಗೆ ಇದು ಗೊತ್ತಿರುವ ಮಾತೇ: ಆಚೆಯವರ ಭಾಷೆ ಕಲಿತರೆ ಕೊಡುಕೊಳ್ಳುವಿಕೆ ನಡೆಯುತ್ತದೆ. ಆದರೆ ಒಮ್ಮೆ ಕಲಿತರೆ ಸಾಲದು, ಆ ಭಾಷೆಯೂ ಬದಲಾಗುತ್ತಿರುತ್ತದೆ.